ಯುದ್ಧಕಾಲದ ವಿದ್ವತ್ಪತ್ರಗಳು: ಸಂಪಾದನೆಯ ಒಂದು ವಿಚಾರ

ವಿದ್ವಾಂಸರ ಸ್ಮರಣ ಸಂಪುಟಗಳಲ್ಲಿ ಅವರ ಪತ್ರಗಳನ್ನು ಅಚ್ಚುಮಾಡುವ ಪದ್ಧತಿ ಸ್ತುತ್ಯವಾದುದು. ಆದರೆ ಗ್ರಂಥ, ಪಾಠ, ಕಾಲನಿರ್ಣಯಗಳಿಗೆ ಸಂಬಂಧಿಸಿದ ವಾಕ್ಯಗಳನ್ನು ಮಾತ್ರ ಉಳಿಸಿಕೊಂಡು, ಮನೆಯ ಕಾಯಿಲೆ, ಸಾವು, ಖರ್ಚುವೆಚ್ಚಗಳ ಮಾತನ್ನು ‘ಖಾಸಗಿ’ ಎಂದು ಕಳೆದು ಚುಕ್ಕಿಗಳನ್ನಿಡುವ ರೀತಿ ಶಾಸ್ತ್ರಸಮ್ಮತವಲ್ಲ. 1939ರಿಂದ 1945ರವರೆಗಿನ ಮಹಾಯುದ್ಧಕಾಲದ ಪತ್ರಗಳಿಗಂತೂ ಇದರಿಂದ ಆಗುವ ಹಾನಿ ದೊಡ್ಡದು.

ಹಸ್ತಪ್ರತಿಗಳ ವಿಷಯದಲ್ಲಿ ನಾವು ಹೀಗೆ ನಡೆದುಕೊಳ್ಳುವುದಿಲ್ಲ. ಭುಜಬಲಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಧವಲೆಯ ಪ್ರತಿಯನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳೆಂದು ಮೂಡಬಿದಿರೆಯ ಪ್ರತಿಯ ಅಂತ್ಯಪ್ರಶಸ್ತಿಯಿಂದ ತಿಳಿಯುತ್ತದೆ. ಮಹಾಬಂಧದ ಪ್ರತಿಯು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆಯ ದಾನ. ಅತ್ತೆ, ಪತ್ನಿ, ನೋಂಪಿ ಇವು ಮನೆಯ ಮಾತುಗಳೇ, ಸಿದ್ಧಾಂತಕ್ಕೆ ಸೇರಿದುವಲ್ಲ. ಆದರೂ ಪ್ರತಿಯ ಕಾಲವನ್ನೂ ಪರಂಪರೆಯನ್ನೂ ನಿರ್ಣಯಿಸಲು ಅವೇ ನಮಗೆ ಆಧಾರ. ಪ್ರಶಸ್ತಿಗೆ ಸಲ್ಲುವ ಗೌರವವು ಪತ್ರಕ್ಕೆ ಏಕೆ ಸಲ್ಲಬಾರದು?

ಯುದ್ಧ ಮೊದಲಾದಾಗ ಹೀರಾಲಾಲ ಜೈನರು ಅಮರಾವತಿಯಲ್ಲಿ, ಸದಲಗದ ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ, ನಾಥೂರಾಮ ಪ್ರೇಮಿಯವರು ಮುಂಬಯಿಯಲ್ಲಿ, ನಮ್ಮ ಕೆ. ಭುಜಬಲಿ ಶಾಸ್ತ್ರಿಗಳು ಆರಾದ ಜೈನ ಸಿದ್ಧಾಂತ ಭವನದಲ್ಲಿದ್ದರು. ಇವರಿಗೆ ಅಂಚೆಯೇ ಗೋಷ್ಠಿ. ಪ್ರೇಮಿಯವರ ‘ಜೈನ ಸಾಹಿತ್ಯ ಔರ್ ಇತಿಹಾಸ’ ಪ್ರಕಟವಾದ 1942ರಲ್ಲಿಯೇ ಅವರ ಪುತ್ರ ಹೇಮಚಂದ್ರರು ತೀರಿಕೊಂಡರು. ಆ ವರ್ಷದ ಪತ್ರಗಳಿಂದ ಶೋಕವನ್ನು ತೆಗೆದರೆ ವಿದ್ಯಾವ್ಯವಹಾರದ ವಿಳಂಬಕ್ಕೂ ಮೌನಕ್ಕೂ ಅರ್ಥವೇ ಉಳಿಯದು. ಉಪಾಧ್ಯೆ, ಹೀರಾಲಾಲರು ಸಂಪಾದಿಸಿದ ‘ತಿಲೋಯಪಣ್ಣತ್ತಿ’ಯ ಮೊದಲ ಭಾಗ 1943ರಲ್ಲಿ, ಎರಡನೆಯದು 1951ರಲ್ಲಿ ಹೊರಬಂದುವು. ಮುಖಪುಟದ ಇಸವಿ ಅಂತರವನ್ನು ತೋರಿಸುತ್ತದೆಯೇ ಹೊರತು ಆ ನಡುವಿನ ಪಾಡನ್ನು ತೋರಿಸುವುದಿಲ್ಲ.

ಕನ್ನಡದ ಪತ್ರಗಳಲ್ಲಿ ಇನ್ನೊಂದು ತೊಡಕುಂಟು. ‘ಕಾಗದ’ವೆಂದರೆ ಓಲೆಯೂ ಹೌದು, ಮುದ್ರಣದ ಹಾಳೆಯೂ ಹೌದು. ಅಂಚೆಗೆ ತಪಾಸಣೆಯಿದ್ದು, ಅಚ್ಚಿನ ಹಾಳೆಗೆ ಸರಕಾರದ ನಿಯಂತ್ರಣವಿದ್ದ ಕಾಲದಲ್ಲಿ ‘ಕಾಗದ ಬರಲಿಲ್ಲ’ ಎಂಬ ವಾಕ್ಯಕ್ಕೆ ಎರಡು ಅರ್ಥಗಳೂ ಹೊಂದುತ್ತವೆ. ಹಿಂದುಮುಂದಿನ ಸಾಲುಗಳಿಲ್ಲದೆ ಯಾವುದೆಂದು ನಿರ್ಣಯಿಸುವವರು ಯಾರು? ಹಾಗೆಯೇ ಮದರಾಸಿನ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಸಂಗ್ರಹವನ್ನು ಯುದ್ಧಭಯದಿಂದ ತಿರುಪತಿಗೆ ಸಾಗಿಸಿದ್ದುದನ್ನು ಅರಿಯದವನು, ‘ಪ್ರತಿ ದೊರೆಯಲಿಲ್ಲ’ ಎಂಬ ಮಾತನ್ನು ಪ್ರತಿ ನಷ್ಟವಾಯಿತೆಂದು ತಿಳಿದಾನು.

ಹೀಗೆ ಸಂದರ್ಭ ಕಳೆದುಕೊಂಡ ವಾಕ್ಯವು ಸಿದ್ಧಾಂತವಿಚಾರದಲ್ಲಿಯೂ ದಾರಿ ತಪ್ಪಿಸಬಲ್ಲದು. ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಪದವು 1939ರ ಮುದ್ರಣದ ಮೂಲದಲ್ಲಿ ಇರಲಿಲ್ಲ; ಅದು ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಊಹಿಸಿದ್ದರು. ಮುಂದೆ ಮೂಡಬಿದಿರೆಯ ತಾಳೆಯ ಪ್ರತಿಯಲ್ಲಿ ಆ ಪದ ದೊರೆಯಿತು. ದ್ರವ್ಯಸ್ತ್ರೀ, ಭಾವಸ್ತ್ರೀ ವಿಚಾರಕ್ಕೆ ತಗುಲುವ ಈ ಪದದ ಸುತ್ತ ಎದ್ದ ವಿವಾದವನ್ನು ಪಂಡಿತರೆಲ್ಲರೂ ಬಲ್ಲರು. ಮೂಲಪ್ರತಿಯನ್ನು ಕಾಣುವ ಮುನ್ನ ಗೆಳೆಯನಿಗೆ ಬರೆದ ಸಂದೇಹವನ್ನು ತಾರೀಖಿಲ್ಲದೆ ಉದ್ಧರಿಸಿದರೆ, ಅದು ಬರೆದವರ ಕೊನೆಯ ಅಭಿಪ್ರಾಯವೆಂಬಂತೆ ತೋರುತ್ತದೆ. ಇದು ಅವರಿಗೂ ಆಗಮಕ್ಕೂ ಮಾಡುವ ಅನ್ಯಾಯ.

ಆದುದರಿಂದ ಪತ್ರವನ್ನೂ ಪ್ರತಿಯೆಂದೇ ಭಾವಿಸಿ ಸಂಪಾದಿಸಬೇಕು. ಲಕೋಟೆ, ಅಂಚೆಮುದ್ರೆ, ತಪಾಸಣೆಯ ಗುರುತು, ಅಂಚಿನಲ್ಲಿ ಸೇರಿಸಿದ ಸಾಲು ಎಲ್ಲವೂ ದಾಖಲಾಗಬೇಕು. ಬದುಕಿರುವವರ ಮನಸ್ಸು ನೋಯುವಂತಹ ಸಾಲುಗಳನ್ನು ಬಿಡುವುದು ಧರ್ಮವೇ. ಆದರೆ ಎಷ್ಟು ಸಾಲು, ಯಾವ ವಿಷಯದ್ದು ಎಂಬುದನ್ನು ಹೇಳಿ ಬಿಡಬೇಕು, ಮೂಲವನ್ನು ಭಂಡಾರದಲ್ಲಿ ಕಾಪಿಡಬೇಕು.

ಕಾಮಾಕ್ಷಿಪಾಳ್ಯ, ರಾಜಾಜಿನಗರಗಳಂತಹ ಬಡಾವಣೆಗಳಲ್ಲಿ ನೆಲೆಸಿದ ಶ್ರಾವಕ ಮನೆತನಗಳಿಗೆ ಒಂದು ವಿಜ್ಞಾಪನೆ. ತಾಳೆಯೋಲೆಯ ಕಟ್ಟನ್ನು ದೇವರ ಮನೆಯಲ್ಲಿಟ್ಟು ಪೂಜಿಸುವ ನಾವು ಹಿರಿಯರ ಪೋಸ್ಟ್‌ಕಾರ್ಡುಗಳನ್ನು ಮನೆ ಬದಲಿಸುವಾಗ ರದ್ದಿಗೆ ಹಾಕಬಾರದು. ಅವುಗಳ ರಕ್ಷಣೆಯೂ ಶ್ರುತಸೇವೆಯೇ.