ಕಾಮಕಸ್ತೂರಿಗೆ ಸಿಗಡಿ ಚಿಪ್ಪಿನ ಸಿಂಪಡಣೆ

ಔಷಧೀಯ ಗಿಡಗಳ ಸತ್ವ ಹೆಚ್ಚಿಸಲು ಕೈಟೋಸಾನ್ ಸಿಂಪಡಿಸುವ ಪದ್ಧತಿಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಕ್ಕೆ ಮುಖ್ಯ ಕಾರಣ, 2005ರಲ್ಲಿ ಪ್ರಕಟವಾದ ಕಾಮಕಸ್ತೂರಿಯ ಅಧ್ಯಯನ. ಸಿಗಡಿ, ಏಡಿಗಳ ಚಿಪ್ಪಿನ ಕೈಟಿನ್ನನ್ನು ಕ್ಷಾರದಲ್ಲಿ ಬೇಯಿಸಿದರೆ ಕೈಟೋಸಾನ್ ಸಿಗುತ್ತದೆ. ಶಿಲೀಂಧ್ರಗಳ ಕೋಶಭಿತ್ತಿಯಲ್ಲೂ ಕೈಟಿನ್ ಇರುವುದರಿಂದ, ಎಲೆಗೆ ಕೈಟೋಸಾನ್ ತಾಗಿದೊಡನೆ ರೋಗಾಣು ಬಂತೆಂದು ಗಿಡ ಎಚ್ಚರಗೊಳ್ಳುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಜಾಸ್ಮೋನಿಕ್ ಆಮ್ಲ ಏರುತ್ತದೆ. ಆಗ ಗಿಡ ತನ್ನ ರಕ್ಷಣೆಗೆಂದು ತಯಾರಿಸುವ ಫೀನಾಲ್, ಟರ್ಪೀನ್‌ಗಳನ್ನೇ ನಾವು ಔಷಧವಾಗಿ ಬಳಸುತ್ತೇವೆ.

ಆ ಅಧ್ಯಯನದಲ್ಲಿ ಶೇ. 0.1 ಮತ್ತು ಶೇ. 0.5ರ ದ್ರಾವಣಗಳಿಂದ ರೋಸ್ಮರಿನಿಕ್ ಆಮ್ಲ 2.5 ಪಟ್ಟು, ಯೂಜಿನಾಲ್ 2 ಪಟ್ಟು ಹೆಚ್ಚಿದವು. ಗಿಡದ ತೂಕವೂ ಸುಮಾರು ಶೇ. 17 ಏರಿತು. ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸುವುದು ಈ ಕೊನೆಯ ಅಂಕಿ. ಸತ್ವ ಇಮ್ಮಡಿಯಾಗಿ ಸೊಪ್ಪು ಅರ್ಧಕ್ಕಿಳಿದರೆ ಬೆಳೆಗಾರನಿಗೆ ದಕ್ಕುವುದೇನು? ಗ್ರಾಂ ಎಲೆಗೆ ಎಷ್ಟು ಎಂಬಲ್ಲಿಗೆ ನಿಲ್ಲುವ ಪ್ರಯೋಗ, ಮಡಿಗೆ ಎಷ್ಟು ಎಂಬುದನ್ನು ಹೇಳದಿದ್ದರೆ ಅಪೂರ್ಣ. ಅದೇ ವರದಿಯಲ್ಲಿ ಶೇ. 0.5ರ ದ್ರಾವಣಕ್ಕೆ, ಫೀನಾಲ್ ತಯಾರಿಕೆಯಲ್ಲಿ ಪಾಲ್ಗೊಳ್ಳುವ ಪಿಎಎಲ್ ಕಿಣ್ವದ ಚಟುವಟಿಕೆ 32 ಪಟ್ಟು ಏರಿದ್ದೂ ದಾಖಲಾಗಿದೆ. ಬೆರಗು ಹುಟ್ಟಿಸುವ ಸಂಖ್ಯೆಯೇನೋ ಹೌದು, ಆದರೆ ಕಿಣ್ವ ಚುರುಕಾದಷ್ಟೇ ಔಷಧಾಂಶ ಕೂಡಿತೆಂದು ಓದಿಕೊಳ್ಳುವಂತಿಲ್ಲ.

ನನ್ನ ದೊಡ್ಡ ತಕರಾರು ಇನ್ನೊಂದಿದೆ. ಕೈಟೋಸಾನ್ ಬರೀ ನೀರಿನಲ್ಲಿ ಕರಗದು. ಸಾಮಾನ್ಯವಾಗಿ ಅಸಿಟಿಕ್ ಆಮ್ಲ ಸೇರಿಸಬೇಕು. ಆದ್ದರಿಂದ ಹೋಲಿಕೆಯ ಗಿಡಗಳಿಗೆ ನೀರಿನ ಬದಲು ಅಷ್ಟೇ ಹುಳಿಯ, ಕೈಟೋಸಾನ್ ಇಲ್ಲದ ದ್ರಾವಣ ಬೀಳಬೇಕು. ಇಲ್ಲದಿದ್ದರೆ ಆಮ್ಲ ಮಾಡಿದ್ದನ್ನೂ ಕೈಟೋಸಾನ್ ಲೆಕ್ಕಕ್ಕೆ ಬರೆದಂತಾಗುತ್ತದೆ. ಅಣುತೂಕ ಎಷ್ಟು, ಅಸಿಟೈಲ್ ಗುಂಪು ಎಷ್ಟು ಕಳಚಿದೆ ಎಂಬುದನ್ನೂ ಹೇಳಬೇಕು. ಇವು ಬದಲಾದರೆ ಗಿಡದ ಪ್ರತಿಕ್ರಿಯೆಯೂ ಬದಲಾಗುತ್ತದೆ. ಬಾಟಲಿಯ ಮೇಲೆ ‘ಕೈಟೋಸಾನ್’ ಎಂದಷ್ಟೇ ಬರೆದು ಮಾರುವುದು ರೈತನಿಗೆ ಮಾಡುವ ಅನ್ಯಾಯ.

ನೀರಿನ ಉಳಿತಾಯದ ವಿಷಯದಲ್ಲಿ ಕೈಟೋಸಾನ್ ಬಗ್ಗೆ ಭರವಸೆ ಹೆಚ್ಚು. 2001ರ ಮೆಣಸಿನಗಿಡದ ಪ್ರಯೋಗದಲ್ಲಿ ಪತ್ರರಂಧ್ರಗಳು ಭಾಗಶಃ ಮುಚ್ಚಿ, ನೀರಿನ ಬಳಕೆ ಶೇ. 26ರಿಂದ 43ರಷ್ಟು ತಗ್ಗಿತು; ಬೆಳವಣಿಗೆ ಕುಂದಲಿಲ್ಲ. ಮಳೆಯಾಶ್ರಿತ ಹೊಲಗಳಲ್ಲಿ ಇದನ್ನು ಪರೀಕ್ಷಿಸಲೇಬೇಕು.

ಆದರೆ ಅಶ್ವಗಂಧದ ಬೇರಿಗೆ ಕಾಮಕಸ್ತೂರಿಯ ಫಲಿತಾಂಶ ಹಚ್ಚುವುದನ್ನು ನಾನು ಒಪ್ಪಲಾರೆ. ಸೊಪ್ಪನ್ನು ಬೇಗ ಕೊಯ್ಯಬಹುದು, ಬೇರು ಕೀಳಲು ತಿಂಗಳುಗಟ್ಟಲೆ ಕಾಯಬೇಕು. ಎಲೆಗೆ ಬಿದ್ದ ಸಿಂಪಡಣೆಯ ಪರಿಣಾಮ ಅಲ್ಲಿಯವರೆಗೆ ಬೇರಿನ ಔಷಧಾಂಶಗಳಾದ ವಿಥನೊಲೈಡ್‌ಗಳಲ್ಲಿ ಉಳಿಯಿತೇ ಎಂಬುದನ್ನು ಕೊಯ್ಲಿನ ದಿನವೇ ಅಳೆದು ತೋರಿಸಬೇಕು.