ರಾತ್ರಿ ಮಲಗಿದರೆ ಮಾಯುವ ಗಾಯ

ಪಾತ್ರ ವಹಿಸಿ ಆಡುವ ಮೇಜಿನಾಟದ ನಿಯಮಪುಸ್ತಕ ಕೈಗೆ ಬಂದರೆ ಮೊದಲು ತೆರೆದು ನೋಡಬೇಕಾದದ್ದು ಗಾಯ ವಾಸಿಯಾಗುವ ಪುಟ. ಕತ್ತಿ, ಮಂತ್ರ, ರಾಕ್ಷಸರ ಪಟ್ಟಿಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಆಟದ ಗುಣ ತಿಳಿಯುವುದು ಈ ಪುಟದಲ್ಲಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪಾತ್ರದ ಜೀವವನ್ನು ‘ಹಿಟ್ ಪಾಯಿಂಟ್’ ಎಂಬ ಅಂಕಿಯಲ್ಲಿ ಅಳೆಯಿತು. ನಂತರ ಬಂದ ಅಸಂಖ್ಯ ಆಟಗಳು ಅದನ್ನೇ ಹಿಡಿದು ನಡೆದವು. ಆ ಆಟದ ಹಳೆಯ ನಿಯಮದಲ್ಲಿ, ಮಂತ್ರದ ನೆರವಿಲ್ಲದಿದ್ದರೆ, ಒಂದು ದಿನದ ವಿಶ್ರಾಂತಿಗೆ ಮರಳುತ್ತಿದ್ದುದು ಒಂದೇ ಪಾಯಿಂಟ್. 2014ರ ಐದನೇ ಆವೃತ್ತಿಯಲ್ಲಿ ಎಂಟು ಗಂಟೆ ಮಲಗಿ ಎದ್ದರೆ ಅಷ್ಟೂ ಪಾಯಿಂಟ್ ವಾಪಸ್. ಆಟ ಸರಾಗವಾಯಿತೆಂದು ಹಲವರು ಮೆಚ್ಚಿದರು. ನನ್ನ ವಾದ ಬೇರೆ: ವಾಸಿ ಬೇಗ ಆಗುತ್ತದೋ ನಿಧಾನವಾಗಿ ಆಗುತ್ತದೋ ಎಂಬುದು ಎರಡನೆಯ ಪ್ರಶ್ನೆ. ಅದಕ್ಕೆ ಯಾರು, ಏನನ್ನು ತೆರುತ್ತಾರೆ ಎಂಬುದು ಮೊದಲನೆಯದು. ಯಾರೂ ಏನೂ ತೆರದ ಆಟದಲ್ಲಿ ಗಾಯಕ್ಕೆ ಅರ್ಥವೇ ಇರುವುದಿಲ್ಲ.

ಐದನೇ ಆವೃತ್ತಿಯ ಒಂದು ಕಾಳಗವನ್ನೇ ತೆಗೆದುಕೊಳ್ಳಿ. ನಲವತ್ತು ಪಾಯಿಂಟಿನ ಯೋಧ ಮೂವತ್ತೊಂಬತ್ತನ್ನು ಕಳೆದುಕೊಂಡರೂ ಅವನ ಕೈ ನಡುಗುವುದಿಲ್ಲ, ಮೊದಲಿನಷ್ಟೇ ಬಲವಾಗಿ ಬೀಸುತ್ತಾನೆ. ಸೊನ್ನೆಗೆ ಇಳಿದಾಗ ಮಾತ್ರ ಬೀಳುತ್ತಾನೆ. ಆಮೇಲೆ ಪ್ರತಿ ಸರದಿಗೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹತ್ತು ಅಥವಾ ಹೆಚ್ಚು ಬಿದ್ದರೆ ಗೆಲುವು, ಕಡಿಮೆಯಾದರೆ ಸೋಲು, ಮೂರು ಸೋಲಾದರೆ ಸಾವು. ಕೇಳಲು ಭಯಂಕರ. ಆದರೆ ಅರವತ್ತು ಅಡಿ ದೂರದಿಂದ ಗೆಳೆಯನೊಬ್ಬ ‘ಹೀಲಿಂಗ್ ವರ್ಡ್’ ಎಂಬ ಮೊದಲ ಮೆಟ್ಟಿಲಿನ ಮಂತ್ರ ಕೂಗಿದರೆ ಸಾಕು, ಬಿದ್ದವನು ಎದ್ದು ಅದೇ ಸುತ್ತಿನಲ್ಲಿ ಮತ್ತೆ ಕತ್ತಿ ಎತ್ತಬಹುದು. ಇದರ ಫಲವೇನೆಂದರೆ, ಲೆಕ್ಕ ಬಲ್ಲ ಆಟಗಾರರು ಗೆಳೆಯ ನೆತ್ತರು ಸುರಿಸುವಾಗ ಕೈಕಟ್ಟಿ ನಿಲ್ಲುತ್ತಾರೆ, ಅವನು ಬಿದ್ದ ಮೇಲಷ್ಟೇ ಮಂತ್ರ ಹಾಕುತ್ತಾರೆ, ಏಕೆಂದರೆ ನಿಯಮದ ಪ್ರಕಾರ ಅದೇ ಲಾಭ. ಸಂಗಾತಿಯ ನೋವಿಗೆ ಕಾಯುವುದನ್ನು ಕಲಿಸುವ ನಿಯಮ ಕೆಟ್ಟ ನಿಯಮ ಎಂದೇ ನಾನು ಹೇಳುತ್ತೇನೆ.

ಈ ಸಮಸ್ಯೆಗೆ ಉತ್ತರ ಹುಡುಕಲು ಅಮೆರಿಕದವರೆಗೆ ಹೋಗಬೇಕಿಲ್ಲ. ಕಬಡ್ಡಿಯಲ್ಲಿ ಹಿಂದಿನಿಂದ ಮೂರು ಬಗೆಗಳಿವೆ: ಸಂಜೀವಿನಿ, ಗಾಮಿನಿ, ಅಮರ್. ಅಮರ್‌ನಲ್ಲಿ ಮುಟ್ಟಿಸಿಕೊಂಡವನು ಹೊರಗೆ ಹೋಗುವುದೇ ಇಲ್ಲ. ಎದುರಾಳಿಗೆ ಒಂದು ಅಂಕ, ಇವನು ಅಂಗಳದಲ್ಲೇ. ಗಾಮಿನಿಯಲ್ಲಿ ಔಟಾದವನಿಗೆ ಜೀವ ಬರುವುದಿಲ್ಲ. ತಂಡವೆಲ್ಲ ಔಟಾಗುವ ತನಕ ಗೆರೆಯಾಚೆ ಕೂರಬೇಕು. ಸಂಜೀವಿನಿಯಲ್ಲಿ ಎದುರಾಳಿಯ ಒಬ್ಬನನ್ನು ಔಟ್ ಮಾಡಿದರೆ ನಮ್ಮವನೊಬ್ಬ ಬದುಕಿ ಬರುತ್ತಾನೆ. ಇಂದಿನ ಸ್ಪರ್ಧಾ ಕಬಡ್ಡಿ, ಅಂದರೆ 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದ ಆಟ, ನಡೆಯುವುದು ಈ ಸಂಜೀವಿನಿಯ ದಾರಿಯಲ್ಲೇ. ಔಟಾದವರು ಔಟಾದ ಸರದಿಯಲ್ಲೇ ಒಳಬರಬೇಕು. ಬೋನಸ್ ಗೆರೆ ತುಳಿದು ತಂದ ಅಂಕಕ್ಕೆ ಯಾರೂ ಬದುಕುವುದಿಲ್ಲ, ಎದುರು ತಂಡವನ್ನೆಲ್ಲ ಔಟ್ ಮಾಡಿದ್ದಕ್ಕೆ ಸಿಗುವ ‘ಲೋನಾ’ದ ಹೆಚ್ಚುವರಿ ಅಂಕಕ್ಕೂ ಇಲ್ಲ. ಇದೆಂಥ ಸೂಕ್ಷ್ಮ! ಅಂಕ ಬೇರೆ, ಜೀವ ಬೇರೆ ಎಂದು ಈ ನಿಯಮ ಬಲ್ಲದು. ಗೆಳೆಯನಿಗೆ ಜೀವ ಬೇಕಿದ್ದರೆ ಇನ್ನೊಬ್ಬ ತನ್ನ ಉಸಿರನ್ನು ಪಣಕ್ಕಿಟ್ಟು ಎದುರು ಅಂಗಳಕ್ಕೆ ಹೋಗಲೇಬೇಕು, ಇಲ್ಲವೇ ನುಗ್ಗಿ ಬಂದವನನ್ನು ಹಿಡಿದು ಕೆಡವಬೇಕು. ಐದನೇ ಆವೃತ್ತಿ ಅಮರ್‌ಗೆ ಹತ್ತಿರ. ದಿನಕ್ಕೊಂದು ಪಾಯಿಂಟಿನ ಹಳೆಯ ಆಟ ಗಾಮಿನಿಗೆ ಹತ್ತಿರ. ಅಂಗಳದಲ್ಲಿ ಗೆದ್ದು ಉಳಿದದ್ದು ನಡುವಿನ ದಾರಿ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ವಾರವಿಡೀ ದುಡಿದು ಶನಿವಾರ ಸಂಜೆ ಆಡಲು ಬಂದವನು ಹಾಸಿಗೆ ಹಿಡಿದ ಪಾತ್ರವನ್ನು ಇಟ್ಟುಕೊಂಡು ಏನು ಮಾಡಬೇಕು ಎಂಬುದು ಮೊದಲನೆಯದು. ಇದು ನ್ಯಾಯವಾದ ಪ್ರಶ್ನೆ, ಗಾಮಿನಿಯ ದೋಷವೂ ಇದೇ. ಆದರೆ ಬೆಲೆಯನ್ನು ಗಾಯಗೊಂಡವನ ಬೇಸರದಿಂದಲೇ ವಸೂಲು ಮಾಡಬೇಕೆಂದಿಲ್ಲ. ಜಾನ್ ಹಾರ್ಪರ್ ಅವರ ‘ಬ್ಲೇಡ್ಸ್ ಇನ್ ದ ಡಾರ್ಕ್’ (2017) ಪ್ರತಿ ಸಾಹಸದ ನಂತರ ಪಾತ್ರಕ್ಕೆ ಎರಡು ಕೆಲಸಗಳ ಬಿಡುವು ಕೊಡುತ್ತದೆ. ಗಾಯಕ್ಕೆ ಚಿಕಿತ್ಸೆ ಪಡೆದರೆ ತರಬೇತಿಯನ್ನೋ ಪೊಲೀಸರ ಕಣ್ಣು ತಪ್ಪಿಸುವುದನ್ನೋ ಬಿಡಬೇಕು, ಇಲ್ಲವೇ ಕೈಯಿಂದ ಹಣ ಹಾಕಬೇಕು. ಯಾರೂ ಸುಮ್ಮನೆ ಕೂರುವುದಿಲ್ಲ, ಯಾರಿಗೂ ಪುಕ್ಕಟೆ ಸಿಗುವುದಿಲ್ಲ. ಆಟ ಆಟವೇ, ಅದರಲ್ಲಿ ಆಸ್ಪತ್ರೆಯ ವಾಸ್ತವ ಯಾಕೆ ಎಂಬುದು ಎರಡನೆಯ ಆಕ್ಷೇಪ. ಕೀವು, ಬ್ಯಾಂಡೇಜುಗಳ ವಿವರ ನನಗೂ ಬೇಡ. ಬೇಕಾದದ್ದು ಆಯ್ಕೆ. 1981ರ ‘ಕಾಲ್ ಆಫ್ ಕ್ತುಲು’ ಆಟದಲ್ಲಿ ಗೂಢ ರಹಸ್ಯಗಳ ಅರಿವು ಹೆಚ್ಚಿದಷ್ಟೂ ಮನಸ್ಸಿನ ಸ್ವಾಸ್ಥ್ಯದ ಗರಿಷ್ಠ ಮಿತಿಯೇ ಕುಗ್ಗುತ್ತದೆ, ಚಿಕಿತ್ಸೆ ಆ ಮಿತಿಯನ್ನು ಮೀರಲಾರದು. ತಿಳಿಯಬೇಕೋ, ಉಳಿಯಬೇಕೋ ಎಂಬ ಆ ಇಕ್ಕಟ್ಟಿನಲ್ಲೇ ಆಟದ ರುಚಿಯೆಲ್ಲ ಇದೆ.

‘ಕಾಲ್ ಆಫ್ ಕ್ತುಲು’ ಆಟದ ಕಥೆಗಳು ಹೆಚ್ಚಾಗಿ ನಡೆಯುವುದು 1920ರ ದಶಕದಲ್ಲಿ. ಅದನ್ನು ನಮ್ಮ ನಾಯಂಡಹಳ್ಳಿಗೆ ತನ್ನಿ. ಆಗ ಇದು ಬೆಂಗಳೂರಿನ ಹೊರಗಿನ ಹಳ್ಳಿ. ವೃಷಭಾವತಿಯ ದಡದಲ್ಲಿ ಸಂಗಾತಿಗೆ ಇರಿತವಾಗಿದೆ. 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ ಇರುವುದು ಕೋಟೆಯ ಬಳಿ. ಎತ್ತಿನ ಗಾಡಿ ಕಟ್ಟಿ, ಮೈಸೂರು ರಸ್ತೆ ಹಿಡಿದು, ಗಾಳಿ ಆಂಜನೇಯನ ಗುಡಿ ದಾಟಿ ಹೋಗುವಷ್ಟರಲ್ಲಿ, ನೀವು ತಡೆಯಬೇಕಿದ್ದ ದುಷ್ಟಕೂಟ ತನ್ನ ಪೂಜೆ ಮುಗಿಸಿರುತ್ತದೆ. ಊರನ್ನು ಉಳಿಸುವುದೋ, ಗೆಳೆಯನನ್ನೋ? ಒಂದೂ ದಾಳ ಉರುಳದೆ ಮೇಜು ಬಿಸಿಯೇರುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಿಡಲಾಗದವರಿಗೆ ಆಟ ನಡೆಸುವ ಸೂತ್ರಧಾರರಿಗೆಂದು ಬಂದ ಅದರ 2014ರ ಕೈಪಿಡಿಯಲ್ಲೇ ಒಂದು ಪರ್ಯಾಯ ನಿಯಮವಿದೆ: ಚಿಕ್ಕ ವಿಶ್ರಾಂತಿಗೆ ಎಂಟು ಗಂಟೆ, ಅಷ್ಟೂ ಪಾಯಿಂಟ್ ಮರಳಿಸುವ ಪೂರ್ಣ ವಿಶ್ರಾಂತಿಗೆ ಏಳು ದಿನ. ಮುಂದಿನ ಕಥೆಯನ್ನು ಆ ನಿಯಮದಲ್ಲಿ ಆಡಿ ನೋಡಿ, ಆ ಏಳು ದಿನ ಎದುರಾಳಿ ಏನು ಮಾಡುತ್ತಾನೆ ಎಂಬುದನ್ನು ಸೂತ್ರಧಾರರು ಮೊದಲೇ ಬರೆದಿಟ್ಟುಕೊಳ್ಳಿ.