ವೈದ್ಯಪ್ರವೇಶದ ಅಂಕಗಳೂ ‘ಸರಾಸರಿ’ಯ ಅರ್ಥವಿಚಾರವೂ

‘ಸರಾಸರಿ’ ಎಂಬುದು ಪಾರಸೀ ಮೂಲದ ಶಬ್ದ. ತುದಿಯಿಂದ ತುದಿಯವರೆಗೆ ಎಂಬುದು ಅದರ ಮೊದಲ ಅರ್ಥ. ಸಂಸ್ಕೃತ ಗಣಿತದಲ್ಲಿ ಇದಕ್ಕೆ ಸಮೀಪವಾದುದು, ಭಾಸ್ಕರಾಚಾರ್ಯನ ಲೀಲಾವತಿಯ (ಕ್ರಿ. ಶ. 1150) ಖಾತವ್ಯವಹಾರದಲ್ಲಿ ಬರುವ ‘ಸಮಮಿತಿ’. ಗುಂಡಿಯ ಅಗಲವು ಒಂದೊಂದೆಡೆ ಒಂದೊಂದು ಪರಿಯಾಗಿದ್ದರೆ, ಹಲವೆಡೆ ಅಳೆದು ಕೂಡಿಸಿ, ಅಳೆದ ಸ್ಥಾನಗಳ ಸಂಖ್ಯೆಯಿಂದ ಭಾಗಿಸಬೇಕೆಂದು ಅಲ್ಲಿಯ ವಿಧಿ. ಉದ್ದಕ್ಕೂ ಆಳಕ್ಕೂ ಹಾಗೆಯೇ. ಅಗೆದ ಮಣ್ಣೆಷ್ಟೆಂದು ತಿಳಿಯುವುದೇ ಅದರ ವಿನಿಯೋಗ. ಗುಂಡಿಗೆ ಇಳಿಯುವವನಿಗೆ ನೀರು ಮೊಣಕಾಲವರೆಗೋ ಕೊರಳವರೆಗೋ ಎಂಬುದನ್ನು ಸಮಮಿತಿಯು ಹೇಳದು. ಅಲ್ಲದೆ, ಅಳೆಯುವ ಗುಂಡಿ ಒಂದೇ ಆಗಿರಬೇಕಷ್ಟೆ.

ವೈದ್ಯವಿದ್ಯಾಲಯಗಳ ಪ್ರವೇಶಕಾಲದಲ್ಲಿ ಬಾಯಿಂದ ಬಾಯಿಗೆ ಹರಡುವ ‘ಸರಾಸರಿ ಅಂಕ’ವನ್ನು ಓದುವವರು ಇವೆರಡನ್ನೂ ಮರೆಯುವುದುಂಟು. 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯನ್ನೇ ನಿದರ್ಶನವಾಗಿ ಕೊಳ್ಳಬಹುದು. ಈ ಸರ್ಕಾರಿ ವಿದ್ಯಾಲಯದ ಸ್ಥಾನಗಳಲ್ಲಿ ನೂರಕ್ಕೆ 15 ಅಖಿಲ ಭಾರತದ ಪಾಲಿಗೆ ಸಲ್ಲುತ್ತವೆ. ಉಳಿದವುಗಳಲ್ಲಿ ನೂರಕ್ಕೆ 70, ಸಂವಿಧಾನದ 371(ಜೆ) ವಿಧಿಯನ್ನನುಸರಿಸಿ 2013ರಲ್ಲಿ ಹೊರಟ ಆಜ್ಞೆಯ ಮೇರೆಗೆ, ಅಂದಿನ ಹೈದರಾಬಾದ್ ಕರ್ನಾಟಕದ, ಎಂದರೆ 2019ರಿಂದ ಕಲ್ಯಾಣ ಕರ್ನಾಟಕವೆನಿಸಿದ ಪ್ರದೇಶದ, ಸ್ಥಳೀಯರಿಗೆ ಮೀಸಲು. ಇವುಗಳೊಳಗೆ ಜಾತಿವರ್ಗಗಳ ವಿಭಾಗಗಳು ಮತ್ತೆ ಬೇರೆ. ಹೀಗಿರಲು ಇಲ್ಲಿ ಗುಂಡಿಗಳು ಹಲವು.

ಕಲ್ಪಿತ ಅಂಕಗಳಿಂದ ಇದು ವಿಶದವಾದೀತು. ನೂರು ಮಂದಿಯಲ್ಲಿ ಅಖಿಲ ಭಾರತದ ಪಾಲಿನ 15 ಮಂದಿಗೆ 640, ಸ್ಥಳೀಯರ ಪಾಲಿನ 60 ಮಂದಿಗೆ 540, ಉಳಿದ 25 ಮಂದಿಗೆ 580 ಎಂದಿಟ್ಟುಕೊಂಡರೆ, ಸರಾಸರಿ 565. ಆ ಅಂಕವನ್ನು ಪಡೆದವರು ತರಗತಿಯಲ್ಲಿ ಒಬ್ಬರೂ ಇಲ್ಲ! ದೇವದುರ್ಗದ ಅಥವಾ ಮಾನ್ವಿಯ ಬಾಲೆಯೊಬ್ಬಳು 565ನ್ನೇ ಹೊಸ್ತಿಲೆಂದು ಬಗೆದು, ತನಗೆ ಬಂದುದು 550 ತಾನೆ ಎಂದು ಆಯ್ಕೆಯ ಪಟ್ಟಿಯಲ್ಲಿ ರಾಯಚೂರನ್ನು ನಮೂದಿಸದೆ ಬಿಟ್ಟಳೆನ್ನೋಣ. ತನಗೆ ದೊರೆಯಬಹುದಾಗಿದ್ದ, ಮನೆಗೆ ಸಮೀಪದ ಸ್ಥಾನವನ್ನು ಅವಳು ತಾನಾಗಿಯೇ ತ್ಯಜಿಸಿದಂತಾಯಿತು. (ಇಷ್ಟು ಸುಲಭವಾದ ಭಾಗಾಹಾರವು ಇಷ್ಟು ಭೀತಿಯನ್ನುಂಟುಮಾಡುವುದು ವಿಚಿತ್ರವೇ ಸರಿ.) ಒಂದೇ ಪಾಲಿನೊಳಗೂ ಹೊಸ್ತಿಲೆಂದರೆ ಕಡೆಯ ಸ್ಥಾನ ಪಡೆದವರ ಅಂಕ, ಎಲ್ಲರ ಅಂಕವೂ ಸಮನಾಗಿದ್ದಲ್ಲದೆ ಅದು ಸರಾಸರಿಗಿಂತ ಕೆಳಗೇ ಇರುವುದು.

‘ಪರ್ಸೆಂಟೈಲ್’ ಎಂಬುದರ ಪಾಡು ಇನ್ನೂ ಕಷ್ಟ. ನೀಟ್ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದ ಅರ್ಹತೆಗೆ ಗೊತ್ತುಮಾಡಿರುವ 50 ಪರ್ಸೆಂಟೈಲನ್ನು ನೂರಕ್ಕೆ ಐವತ್ತು ಅಂಕವೆಂದು ತಿಳಿಯುವುದು ಪ್ರಮಾದ. ಅದು ಪರೀಕ್ಷೆ ಬರೆದವರ ಸಾಲಿನ ನಡುವಣ ಸ್ಥಾನವನ್ನು ಸೂಚಿಸುವುದು. 720 ಅಂಕಗಳಲ್ಲಿ ಆ ಗಡಿಯು 2023ರಲ್ಲಿ 137, 2024ರ ಪರಿಷ್ಕೃತ ಫಲಿತಾಂಶದಲ್ಲಿ 162, 2025ರಲ್ಲಿ 144, ಅಂದರೆ ಸರಿಯಾಗಿ ಐದರಲ್ಲೊಂದು ಪಾಲು. 2024ರಲ್ಲಿ ಪೂರ್ಣಾಂಕ ಪಡೆದವರು ಹಲವರಿದ್ದರು. 2025ರಲ್ಲಿ ಅತ್ಯುಚ್ಚ ಅಂಕವೇ 686. ಆದಕಾರಣ ಹಿಂದಿನ ವರ್ಷದ ಸರಾಸರಿಯಿಂದ ಮುಂದಿನ ವರ್ಷದವರನ್ನು ಅಳೆಯುವುದು ಮೊಳದ ಲೆಕ್ಕವನ್ನು ಗೇಣಿಗೆ ಹಚ್ಚಿದಂತೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರತಿ ಸುತ್ತಿನ ತರುವಾಯ ವರ್ಗವರ್ಗವಾಗಿ ಪ್ರಕಟಿಸುವ ಕಡೆಯ ಕ್ರಮಾಂಕಗಳಿಗೆ ಈ ದೋಷವು ಅಷ್ಟಾಗಿ ತಟ್ಟದು. ಅಲ್ಲಿಯೂ ಮೊದಲ ಸುತ್ತಿನ ಪಟ್ಟಿಯನ್ನಷ್ಟೇ ನೋಡಿ ನಿಲ್ಲುವುದು ಸಲ್ಲದು. ಬಿಟ್ಟುಹೋದವರ ಸ್ಥಾನಗಳು ತೆರವಾದಂತೆ ಹೊಸ್ತಿಲು ಸಾಮಾನ್ಯವಾಗಿ ಮುಂದಿನ ಸುತ್ತುಗಳಲ್ಲಿ ಕೆಳಗಿಳಿಯುವುದು.